ಆಸ್ತಿ ಇತ್ಯರ್ಥವಾಗುವವರೆಗೆ ಮನೆಯವರಿಗೆ ಏನು ತಿಳಿಸಬೇಕು? ಓದುಗರ ನಾಲ್ಕು ಪ್ರಶ್ನೆಗಳು

ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಆಸ್ತಿ, ಠೇವಣಿ, ಸಾಲಗಳ ವ್ಯವಹಾರವನ್ನು ಮುಗಿಸುವ ಹೊಣೆ ಸಾಮಾನ್ಯವಾಗಿ ಒಬ್ಬರ ಹೆಗಲಿಗೆ ಬೀಳುತ್ತದೆ. ಉಳಿದವರು ಬೇರೆ ಬೇರೆ ಊರುಗಳಲ್ಲಿ ಕಾಯುತ್ತಿರುತ್ತಾರೆ. ಈ ಸಂಚಿಕೆಗೆ ಆರಿಸಿಕೊಂಡಿರುವ ಪತ್ರಗಳಲ್ಲಿ ಒಂದನ್ನು ಹೊಣೆ ಹೊತ್ತವರು ಬರೆದಿದ್ದಾರೆ, ಎರಡನ್ನು ಕಾಯುತ್ತಿರುವವರು ಬರೆದಿದ್ದಾರೆ, ಇನ್ನೊಂದನ್ನು ಉಯಿಲನ್ನು ಜಾರಿಗೊಳಿಸಬೇಕಾದವರು ಬರೆದಿದ್ದಾರೆ. ಬರೆದವರ ಗುರುತು ಸಿಗದಂತೆ ವಿವರಗಳನ್ನು ಕೊಂಚ ಬದಲಿಸಲಾಗಿದೆ. ಇಲ್ಲಿ ಬರುವ ಪಾಲಿನ ನಿಯಮಗಳು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ ಸಂಬಂಧಿಸಿದವು. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆಯಾದರೂ, ತಿಳಿಸುವ ಕರ್ತವ್ಯದ ಬಗ್ಗೆ ಹೇಳಿರುವುದು ಅವರಿಗೂ ಒಪ್ಪುತ್ತದೆ.

ಪ್ರಶ್ನೆ: ನಮ್ಮ ತಂದೆ ಎಂಟು ತಿಂಗಳ ಹಿಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ತಾಯಿ ಇದ್ದಾರೆ. ನಾನು ಹಿರಿಯ ಮಗ, ಊರಿನಲ್ಲೇ ಇದ್ದೇನೆ. ತಮ್ಮ ಬೆಂಗಳೂರಿನಲ್ಲಿದ್ದಾನೆ, ಒಬ್ಬ ತಂಗಿ ಹುಬ್ಬಳ್ಳಿಯಲ್ಲಿ, ಇನ್ನೊಬ್ಬಳು ಅಮೆರಿಕದ ನ್ಯೂಜೆರ್ಸಿಯಲ್ಲಿ. ಮನೆ, ನಾಲ್ಕು ಎಕರೆ ಜಮೀನು, ಎರಡು ಬ್ಯಾಂಕುಗಳಲ್ಲಿ ಠೇವಣಿ, ಸೊಸೈಟಿಯ ಬೆಳೆ ಸಾಲ ಇವಿಷ್ಟು ತಂದೆಯ ಹೆಸರಿನಲ್ಲಿವೆ. ತಾಲ್ಲೂಕು ಕಚೇರಿಗೂ ಬ್ಯಾಂಕಿಗೂ ನಾನೊಬ್ಬನೇ ಓಡಾಡುತ್ತಿದ್ದೇನೆ. ಯಾವುದೂ ಇನ್ನೂ ಮುಗಿಯದ ಕಾರಣ ಯಾರಿಗೂ ಏನೂ ಹೇಳಿರಲಿಲ್ಲ. ಈಗ ಹುಬ್ಬಳ್ಳಿಯ ತಂಗಿ ‘ಅಣ್ಣ ಏನೋ ಮುಚ್ಚಿಡುತ್ತಿದ್ದಾನೆ’ ಎಂದು ಸೋದರಮಾವನ ಹತ್ತಿರ ಹೇಳಿದಳಂತೆ. ನನಗೆ ತುಂಬಾ ನೋವಾಗಿದೆ. ಮುಂದೆ ಹೇಗೆ ನಡೆದುಕೊಳ್ಳಲಿ?
— ದಾವಣಗೆರೆ ಜಿಲ್ಲೆಯ ಓದುಗರು

ಉತ್ತರ: ನಿಮ್ಮ ಓಡಾಟವೂ ನಿಜ, ನಿಮ್ಮ ತಂಗಿಯ ಆತಂಕವೂ ನಿಜ. ನೀವು ಕಚೇರಿಯ ಬಾಗಿಲಲ್ಲಿ ಕಾದ ದಿನಗಳು ನಿಮಗೆ ನೆನಪಿವೆ; ಆಕೆಗೆ ಕಂಡಿರುವುದು ಎಂಟು ತಿಂಗಳ ಮೌನ ಮಾತ್ರ. ಹೇಳುವಂಥದ್ದೇನೂ ಆಗಲಿಲ್ಲ ಎಂದು ನೀವು ಸುಮ್ಮನಿದ್ದಿರಿ. ಆದರೆ ಏನೂ ಆಗಿಲ್ಲ, ಯಾವ ಕಾರಣಕ್ಕೆ ಆಗಿಲ್ಲ, ಮುಂದಿನ ಹೆಜ್ಜೆ ಯಾವುದು ಎನ್ನುವುದೇ ಕಾಯುತ್ತಿರುವವರಿಗೆ ಬೇಕಾದ ಸುದ್ದಿ. ತಂದೆಯ ಆಸ್ತಿಯ ಸ್ಥಿತಿಗತಿಯನ್ನು ಒಡಹುಟ್ಟಿದವರಿಗೆ ತಿಳಿಸುವುದು ನೀವು ಅವರಿಗೆ ಮಾಡುವ ಉಪಕಾರವಲ್ಲ. ಅದು ಅವರಿಗೆ ಸೇರಿದ ವಿಷಯವೇ ಆಗಿದೆ ಎಂಬ ನೆಲೆಯಿಂದ ಆರಂಭಿಸಿದರೆ ಉಳಿದದ್ದು ಹಗುರವಾಗುತ್ತದೆ.

ಕಾನೂನಿನ ಪ್ರಕಾರವೂ ಅದು ಹಾಗೆಯೇ ಇದೆ. ಉಯಿಲು ಇಲ್ಲದೆ ತೀರಿಕೊಂಡವರ ಸ್ವಯಾರ್ಜಿತ ಆಸ್ತಿ ಅವರ ಪತ್ನಿ, ತಾಯಿ ಬದುಕಿದ್ದರೆ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಇವರಿಗೆ ಸಮಪಾಲಾಗಿ ಹೋಗುತ್ತದೆ. ನಿಮ್ಮ ಅಜ್ಜಿ ಈಗ ಇಲ್ಲವಾದರೆ ನಿಮ್ಮ ಮನೆಯಲ್ಲಿ ಐದು ಸಮಪಾಲುಗಳು. ಹಿರಿಯ ಮಗನಿಗೆ ವಿಶೇಷವಾದ ಯಾವ ಅಧಿಕಾರವನ್ನೂ ಕಾನೂನು ಕೊಟ್ಟಿಲ್ಲ. ನೀವು ಊರಿನಲ್ಲಿರುವುದರಿಂದ ಕೆಲಸ ನಿಮ್ಮ ಪಾಲಿಗೆ ಬಂದಿದೆ, ಆದರೆ ನೀವು ಅದನ್ನು ಐವರ ಪರವಾಗಿ ಮಾಡುತ್ತಿದ್ದೀರಿ. ಜಮೀನು ಪಿತ್ರಾರ್ಜಿತವಾಗಿದ್ದರೆ ಲೆಕ್ಕ ಬೇರೆಯಾಗುತ್ತದೆ, ಆಗಲೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕಿದೆ. ಹಾಗಾಗಿ ಯಾವುದು ಸ್ವಯಾರ್ಜಿತ, ಯಾವುದು ಅಜ್ಜನಿಂದ ಬಂದದ್ದು ಎನ್ನುವುದನ್ನು ಮೊದಲೇ ಬೇರ್ಪಡಿಸಿ ಬರೆದುಕೊಳ್ಳಿ.

ಎಲ್ಲಕ್ಕಿಂತ ಮೊದಲು ಒಂದು ಪಟ್ಟಿ ಬೇಕು. ಮನೆ ಮತ್ತು ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಪಹಣಿಯಲ್ಲಿರುವ ಹೆಸರು, ಬ್ಯಾಂಕು ಖಾತೆಗಳು, ವಿಮೆ, ಪಿಂಚಣಿಯ ಬಾಕಿ, ಲಾಕರು, ಮನೆಯಲ್ಲಿರುವ ಚಿನ್ನ, ಸೊಸೈಟಿಯ ಸಾಲ, ತಂದೆಯವರು ಕೊಟ್ಟಿರುವ ಮತ್ತು ಪಡೆದಿರುವ ಕೈಗಡ ಇಷ್ಟೂ ಅದರಲ್ಲಿ ಇರಲಿ. ಚಿನ್ನವನ್ನೂ ಕೈಗಡವನ್ನೂ ಬರೆಯಲು ಅನೇಕರು ಹಿಂಜರಿಯುತ್ತಾರೆ, ಆದರೆ ಮನೆಗಳಲ್ಲಿ ಮನಸ್ಸು ಮುರಿಯುವುದು ಹೆಚ್ಚಾಗಿ ಇವೆರಡರಿಂದಲೇ. ತಂದೆ ಮರೆತಿದ್ದ ಹಳೆಯ ಖಾತೆಗಳು ಇರಬಹುದು. ಹತ್ತು ವರ್ಷ ವ್ಯವಹಾರವಿಲ್ಲದ ಠೇವಣಿಗಳನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗಾಯಿಸುತ್ತವೆ, ಅವುಗಳನ್ನು ಹುಡುಕಲು 2023ರಿಂದ ರಿಸರ್ವ್ ಬ್ಯಾಂಕಿನ ಉದ್ಗಮ್ ಜಾಲತಾಣವಿದೆ. ಅಲ್ಲಿ ಹಣ ಸಿಕ್ಕರೆ ವಾರಸುದಾರರು ಆಗಲೂ ಅದನ್ನು ಕೇಳಿ ಪಡೆಯಬಹುದು. ಪಟ್ಟಿ ಸಿದ್ಧವಾದ ದಿನವೇ ಅದನ್ನು ತಾಯಿ, ತಮ್ಮ, ಇಬ್ಬರು ತಂಗಿಯರು ಎಲ್ಲರಿಗೂ ಕಳುಹಿಸಿ, ‘ನನಗೆ ಗೊತ್ತಿರುವುದು ಇಷ್ಟು, ನಿಮಗೆ ಬೇರೇನಾದರೂ ನೆನಪಿದ್ದರೆ ಸೇರಿಸಿ’ ಎಂದು ಕೇಳಿ. ಈ ಒಂದು ಮಾತಿನಿಂದ ಅವರು ಕಾಯುವವರಾಗಿ ಉಳಿಯದೆ ನಿಮ್ಮ ಜೊತೆ ಕೆಲಸ ಮಾಡುವವರಾಗುತ್ತಾರೆ. ತಮ್ಮನಿಗೆ ಇವತ್ತು, ತಂಗಿಗೆ ಹದಿನೈದು ದಿನ ಬಿಟ್ಟು ಎಂದು ತಿಳಿಸಬೇಡಿ; ಮೊದಲು ತಿಳಿದವರಿಂದ ಕೇಳಿದ ಸುದ್ದಿ ಯಾವಾಗಲೂ ಅನುಮಾನದ ಬಣ್ಣ ಹಚ್ಚಿಕೊಂಡೇ ಬರುತ್ತದೆ.

ಅದಾದ ಮೇಲೆ ತಿಂಗಳಿಗೊಂದು ದಿನವನ್ನು ಗೊತ್ತು ಮಾಡಿಕೊಳ್ಳಿ. ಆ ದಿನ, ಏನಾದರೂ ಆಗಿರಲಿ ಆಗದಿರಲಿ, ಎಲ್ಲರಿಗೂ ಒಂದೇ ಬರಹ ಹೋಗಲಿ. ಹಬ್ಬದ ಶುಭಾಶಯಗಳು ತುಂಬಿರುವ ಮನೆಯ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಹಾಕಿದರೆ ಕಳೆದುಹೋಗುತ್ತದೆ. ಇದಕ್ಕೆಂದೇ ಐವರ ಗುಂಪೊಂದನ್ನು ಮಾಡಿ, ಅಥವಾ ಇಮೇಲಿನಲ್ಲಿ ಕಳುಹಿಸಿ. ಅಳಿಯಂದಿರನ್ನೂ ಸೊಸೆಯಂದಿರನ್ನೂ ಆ ಗುಂಪಿಗೆ ಸೇರಿಸಬೇಕೇ ಎಂಬುದನ್ನು ಐವರೂ ಕೂಡಿ ತೀರ್ಮಾನಿಸಿ, ಒಬ್ಬರ ಸಂಗಾತಿಗೆ ಒಂದು ನಿಯಮ, ಇನ್ನೊಬ್ಬರ ಸಂಗಾತಿಗೆ ಇನ್ನೊಂದು ನಿಯಮ ಆಗದಿರಲಿ. ಬರಹ ಹೀಗಿದ್ದರೆ ಸಾಕು:

‘ಬ್ಯಾಂಕಿಗೆ ಕ್ಲೇಮ್ ಅರ್ಜಿಯನ್ನು 6ನೇ ತಾರೀಖು ಕೊಟ್ಟಿದ್ದೇನೆ, ಸ್ವೀಕೃತಿಯ ಚಿತ್ರ ಇದರ ಜೊತೆಗಿದೆ. ಅಮ್ಮನ ಸಹಿ ಹಳೆಯ ದಾಖಲೆಯ ಸಹಿಗೆ ಹೊಂದುತ್ತಿಲ್ಲ ಎಂದು ಅವರು ಹೇಳಿದ್ದಾರೆ, ಬರುವ ವಾರ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ. ಜಮೀನನ್ನು ಅಪ್ಪನ ಹೆಸರಿನಿಂದ ನಮ್ಮೆಲ್ಲರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಅರ್ಜಿ ನೋಟಿಸಿನ ಹಂತದಲ್ಲಿದೆ, ತಕರಾರು ಸಲ್ಲಿಸುವ ಅವಧಿ ಮುಗಿಯಬೇಕು. ಸೊಸೈಟಿಯ ಸಾಲದ ಬಡ್ಡಿಗೆ ನನ್ನ ಕೈಯಿಂದ ಹಣ ಕಟ್ಟಿದ್ದೇನೆ, ರಸೀದಿ ಜೊತೆಗಿದೆ. ನಿಮ್ಮಿಂದ ಬೇಕಾಗಿರುವುದು ಒಂದೇ: ಬಾಡಿಗೆದಾರರು ಇನ್ನೊಂದು ವರ್ಷ ಮುಂದುವರಿಯುತ್ತೇವೆ ಎನ್ನುತ್ತಿದ್ದಾರೆ, ಒಪ್ಪಬೇಕೇ ಬೇಡವೇ ಎಂದು 20ರೊಳಗೆ ತಿಳಿಸಿ.’

ಇದರಲ್ಲಿ ಸಮರ್ಥನೆ ಇಲ್ಲ, ದೂರು ಇಲ್ಲ. ಆದದ್ದು, ಆಗದ್ದು, ಬಂದ ಹಣ, ಹೋದ ಹಣ, ಕೇಳಬೇಕಾದ ಒಪ್ಪಿಗೆ ಇಷ್ಟೇ ಇದೆ. ದಾಖಲೆಗಳ ಚಿತ್ರ ಕಳುಹಿಸುವಾಗ ಆಧಾರ್ ಸಂಖ್ಯೆಯನ್ನು ಮರೆಮಾಡಿ. ಒಟಿಪಿ, ಪಾಸ್‌ವರ್ಡು, ಕಾರ್ಡಿನ ಪಿನ್ ಇವುಗಳನ್ನು ಯಾವ ಗುಂಪಿನಲ್ಲೂ ಹಾಕಬೇಡಿ.

ಕೆಲಸ ಏಕೆ ತಡವಾಗುತ್ತದೆ ಎನ್ನುವುದನ್ನೂ ಒಮ್ಮೆ ವಿವರವಾಗಿ ಬರೆದು ಕಳುಹಿಸುವುದು ಒಳ್ಳೆಯದು, ಏಕೆಂದರೆ ಬೆಂಗಳೂರಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವವರಿಗೆ ತಾಲ್ಲೂಕು ಕಚೇರಿಯ ದಾರಿ ಗೊತ್ತಿರುವುದಿಲ್ಲ. ಮರಣ ಪ್ರಮಾಣ ಪತ್ರ ಬಂದ ಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ, ಗ್ರಾಮ ಆಡಳಿತ ಅಧಿಕಾರಿಯ ವಿಚಾರಣೆ, ಆಮೇಲೆ ಪೌತಿ ಖಾತೆಗೆ ಅರ್ಜಿ, 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 129ನೇ ಕಲಮಿನಂತೆ ನೋಟಿಸು, ತಕರಾರಿಗೆ ನಿಗದಿಯಾದ ಅವಧಿ, ಅದಾದ ಮೇಲೆ ಮ್ಯುಟೇಶನ್, ಅಂದರೆ ಪಹಣಿಯಲ್ಲಿ ಹೆಸರಿನ ಬದಲಾವಣೆ. ಪೌತಿ ಖಾತೆಯಲ್ಲಿ ಎಲ್ಲ ವಾರಸುದಾರರ ಹೆಸರೂ ಜಂಟಿಯಾಗಿ ಬರುತ್ತದೆ. ಒಬ್ಬೊಬ್ಬರ ಹೆಸರಿಗೆ ಪ್ರತ್ಯೇಕವಾಗಬೇಕಾದರೆ ನೋಂದಾಯಿತ ವಿಭಾಗ ಪತ್ರ ಮತ್ತು ಜಮೀನಿನ ಭಾಗಗಳನ್ನು ಅಳೆದು ತೋರಿಸುವ 11-ಇ ನಕ್ಷೆ ಬೇಕು. ಬ್ಯಾಂಕಿನ ಕಡೆ, ದಾಖಲೆಗಳೆಲ್ಲ ಪೂರ್ಣವಾಗಿ ಕೈಸೇರಿದ ಮೇಲೆ 15 ದಿನಗಳೊಳಗೆ ಕ್ಲೇಮು ಇತ್ಯರ್ಥವಾಗಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಆದರೆ ಆ ‘ಪೂರ್ಣ’ ಎನ್ನುವ ಹಂತಕ್ಕೆ ಬರುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಇದನ್ನು ತಿಳಿದವರು ಮೂರನೇ ತಿಂಗಳಿಗೇ ಅನುಮಾನಪಡುವುದಿಲ್ಲ.

ಹಣದ ವಿಷಯದಲ್ಲಿ ಎರಡು ಎಚ್ಚರಿಕೆಗಳು. ತಂದೆಯ ಎಟಿಎಂ ಕಾರ್ಡಿನಿಂದ ಅವರು ಹೋದ ಮೇಲೆ ಹಣ ತೆಗೆಯಬಾರದು, ಅದು ಎಲ್ಲ ವಾರಸುದಾರರ ಹಣ. ಆ ಗಡಿಬಿಡಿಯ ದಿನಗಳಲ್ಲಿ ಅಂತ್ಯಕ್ರಿಯೆಗೆಂದು ಯಾರಾದರೂ ತೆಗೆದಿದ್ದರೆ ಈಗಲೇ ಹೇಳಿ, ಲೆಕ್ಕಕ್ಕೆ ಸೇರಿಸಿ. ಅಂತ್ಯಸಂಸ್ಕಾರದ ನ್ಯಾಯವಾದ ಖರ್ಚನ್ನು ಮೃತರ ಆಸ್ತಿಯಿಂದ ಮೊದಲು ಭರಿಸಬಹುದೆಂದು ಭಾರತೀಯ ಉತ್ತರಾಧಿಕಾರ ಅಧಿನಿಯಮವೂ ಹೇಳುತ್ತದೆ, ಆದ್ದರಿಂದ ಅದನ್ನು ಬರೆಯಲು ಸಂಕೋಚಪಡಬೇಕಾಗಿಲ್ಲ. ಎರಡನೆಯದು, ಜಮೀನಿನ ಬೆಳೆ ಮತ್ತು ಮನೆಯ ಬಾಡಿಗೆ. ಇಬ್ಭಾಗವಾಗದ ಆಸ್ತಿಯ ಆದಾಯ ಎಲ್ಲರದು. ಉಳುಮೆ, ಗೊಬ್ಬರ, ಕೂಲಿಯ ಖರ್ಚನ್ನು ನೀವು ಹಾಕಿರುತ್ತೀರಿ, ಅದನ್ನು ಕಳೆದು ಉಳಿದದ್ದನ್ನು ಲೆಕ್ಕದಲ್ಲಿ ತೋರಿಸಿ. ಬೇಕಾದರೆ ನಿಮ್ಮ ಓಡಾಟದ ಬಸ್ಸು ಚಾರ್ಜು, ಜೆರಾಕ್ಸು, ವಕೀಲರ ಫೀಸು ಎಲ್ಲವನ್ನೂ ಬರೆಯಿರಿ. ಬರೆಯದೆ ಮನಸ್ಸಿನಲ್ಲಿ ಇಟ್ಟುಕೊಂಡ ಖರ್ಚು ಕೊನೆಗೆ ಪಾಲಿನ ದಿನ ಕೋಪವಾಗಿ ಹೊರಬರುತ್ತದೆ.

ನಿಮ್ಮ ಪತ್ರದಲ್ಲಿ ತಾಯಿಯ ಬಗ್ಗೆ ಇರುವುದು ‘ತಾಯಿ ಇದ್ದಾರೆ’ ಎಂಬ ಎರಡೇ ಪದ. ಐವರಲ್ಲಿ ಅವರೂ ಒಬ್ಬ ವಾರಸುದಾರರು, ಆದರೂ ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಕಡಿಮೆ ವಿಷಯ ತಿಳಿಯುವುದು ಅವರಿಗೇ. ‘ಇಲ್ಲಿ ಸಹಿ ಹಾಕಮ್ಮ’ ಎಂಬ ಮಾತಿಗೆ ಅವರು ಸಹಿ ಹಾಕುತ್ತಾರೆ, ಆದರೆ ರಾತ್ರಿ ಮಲಗಿದಾಗ ತಾನು ಕೊಟ್ಟದ್ದು ಏನೆಂದು ಯೋಚಿಸುತ್ತಿರುತ್ತಾರೆ. ತಿಂಗಳ ಬರಹವನ್ನು ಕಳುಹಿಸುವ ಮೊದಲು ಅವರ ಹತ್ತಿರ ಕುಳಿತು ಓದಿ ಹೇಳಿ, ಅವರು ಪ್ರಶ್ನೆ ಕೇಳುವಷ್ಟು ಹೊತ್ತು ಕುಳಿತಿರಿ. ತಂದೆ ಯಾರಿಗೆ ಹಣ ಕೊಟ್ಟಿದ್ದರು, ಯಾವ ಪತ್ರ ಯಾವ ಪೆಟ್ಟಿಗೆಯಲ್ಲಿದೆ ಎಂಬುದು ಅನೇಕ ಸಲ ಅವರಿಗೆ ಮಾತ್ರ ಗೊತ್ತಿರುತ್ತದೆ.

ನ್ಯೂಜೆರ್ಸಿಯ ತಂಗಿ ಬರಲಾಗದಿದ್ದರೆ ಅಧಿಕಾರ ಪತ್ರ ಕಳುಹಿಸಬೇಕಾಗುತ್ತದೆ. ಅದನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಬಹುದು, ಇಲ್ಲವೆ ನೋಟರಿಯ ಮುಂದೆ ಸಹಿ ಮಾಡಿ ಅಪೊಸ್ಟಿಲ್ (ಬೇರೆ ದೇಶದಲ್ಲೂ ಒಪ್ಪುವ ಸರ್ಕಾರಿ ದೃಢೀಕರಣ) ಪಡೆಯಬಹುದು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಎಲ್ಲದಕ್ಕೂ ಅನ್ವಯವಾಗುವ ಜನರಲ್ ಪವರ್ ಕೇಳಬೇಡಿ. ಪೌತಿ ಖಾತೆಗೆ ಅರ್ಜಿ, ಇಂಥ ಬ್ಯಾಂಕಿನ ಕ್ಲೇಮು ಎಂದು ಕೆಲಸವನ್ನು ಹೆಸರಿಸಿದ, ಮಾರಾಟದ ಅಧಿಕಾರವಿಲ್ಲದ ಪತ್ರವನ್ನು ಕೇಳಿ, ಅದರ ಕರಡನ್ನು ಉಳಿದ ಮೂವರಿಗೂ ತೋರಿಸಿ. ಆಕೆಗೆ ಸಮಯದ ವ್ಯತ್ಯಾಸವಿರುವುದರಿಂದ, ತೀರ್ಮಾನ ಬೇಕಾದ ವಿಷಯಕ್ಕೆ ಕಡಿಮೆಯೆಂದರೆ ಒಂದು ವಾರ ಕೊಡಿ.

ಹುಬ್ಬಳ್ಳಿಯ ತಂಗಿಗೆ ಇಂದೇ ಫೋನ್ ಮಾಡಿ, ಸೋದರಮಾವನ ಮೂಲಕ ಹೇಳಿಸಬೇಡಿ. ‘ನೀನು ಹೀಗೆ ಹೇಳಿದೆಯಂತೆ’ ಎಂದು ಮಾತು ತೆಗೆಯಬೇಡಿ. ಎಂಟು ತಿಂಗಳಲ್ಲಿ ಆಗಿರುವುದನ್ನು ಬರೆದು ಕಳುಹಿಸುತ್ತಿದ್ದೇನೆ, ಓದಿ ನೋಡು, ಏನು ಬೇಕಾದರೂ ಕೇಳು ಎಂದಷ್ಟೇ ಹೇಳಿ. ಸಾಧ್ಯವಾದರೆ ಬ್ಯಾಂಕಿನ ಕೆಲಸವನ್ನು ಆಕೆಗೂ ತಮ್ಮನಿಗೂ ವಹಿಸಿಕೊಡಿ.

ಪ್ರಶ್ನೆ: ನನಗೆ ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು. ತಂದೆ ಹೋದ ವರ್ಷ ತೀರಿಕೊಂಡರು. ಅಣ್ಣಂದಿರು ಪೌತಿ ಖಾತೆಗೆ ಬೇಕು ಎಂದು ಛಾಪಾ ಕಾಗದಗಳ ಮೇಲೆ ಸಹಿ ಕೇಳುತ್ತಿದ್ದಾರೆ. ಏನು ಬರೆದಿದೆ ಎಂದು ಕೇಳಿದರೆ ‘ಬರೀ ಫಾರ್ಮಾಲಿಟಿ’ ಎನ್ನುತ್ತಾರೆ. ಹೆಚ್ಚು ಕೇಳಿದರೆ ತವರಿನ ಬಾಗಿಲು ಮುಚ್ಚಿಹೋಗುತ್ತದೆಯೋ ಎಂಬ ಭಯ. ನನಗೆ ಪಾಲು ಬೇಕೆಂಬ ಹಟವಿಲ್ಲ, ಆದರೆ ಏನು ನಡೆಯುತ್ತಿದೆ ಎಂದು ತಿಳಿಯಬೇಕೆನಿಸುತ್ತದೆ.
— ತುಮಕೂರು ಜಿಲ್ಲೆಯ ಓದುಗರು

ಉತ್ತರ: ತಿಳಿಯಬೇಕೆನಿಸುವುದು ಪಾಲಿಗಾಗಿ ಜಗಳವಾಡುವುದಲ್ಲ. ಈ ಎರಡನ್ನೂ ನಿಮ್ಮ ಮನಸ್ಸಿನಲ್ಲಿ ಮೊದಲು ಬೇರ್ಪಡಿಸಿಕೊಳ್ಳಿ, ಆಗ ಅಣ್ಣಂದಿರಿಗೂ ಹಾಗೆಯೇ ಹೇಳಲು ಧೈರ್ಯ ಬರುತ್ತದೆ.

ಪೌತಿ ಖಾತೆಗೆ ವಾರಸುದಾರರ ಹೇಳಿಕೆ ಅಥವಾ ಅಫಿಡವಿಟ್ಟು ಬೇಕಾಗುವುದು ಸಹಜ. ಅದರಲ್ಲಿ ನಿಮ್ಮ ಹೆಸರು ವಾರಸುದಾರರ ಪಟ್ಟಿಯಲ್ಲಿರುತ್ತದೆ, ಸಹಿ ಹಾಕಿದರೆ ನಿಮಗೆ ನಷ್ಟವಿಲ್ಲ. ಆದರೆ ‘ನನ್ನ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ’, ‘ನನಗೆ ಸಲ್ಲಬೇಕಾದದ್ದು ಮದುವೆಯ ಕಾಲದಲ್ಲೇ ಸಂದಿದೆ’, ‘ಖಾತೆ ಅಣ್ಣಂದಿರ ಹೆಸರಿಗೆ ಮಾತ್ರ ಆಗಲು ಒಪ್ಪಿಗೆ ಇದೆ’ ಎಂಬ ಸಾಲುಗಳಿದ್ದರೆ ಆ ಕಾಗದ ಬೇರೆಯೇ ಆಗುತ್ತದೆ. ಸ್ಥಿರಾಸ್ತಿಯ ಹಕ್ಕು ಖುಲಾಸೆ ಪತ್ರ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾದರೆ ಮಾತ್ರ ಕಾನೂನಿನಲ್ಲಿ ನಿಲ್ಲುತ್ತದೆ. ನೋಂದಣಿಯಾಗದ ಒಪ್ಪಿಗೆ ಪತ್ರದಿಂದ ನಿಮ್ಮ ಹಕ್ಕು ಅಳಿಸಿಹೋಗದಿದ್ದರೂ, ಅದರ ಆಧಾರದ ಮೇಲೆ ಪಹಣಿಯಲ್ಲಿ ನಿಮ್ಮ ಹೆಸರು ಬಿಟ್ಟುಹೋಗಬಹುದು. ಆಮೇಲೆ ಸರಿಪಡಿಸಲು ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಸಿವಿಲ್ ದಾವೆ ಎಂದು ವರ್ಷಗಟ್ಟಲೆ ಅಲೆಯಬೇಕು. ಬರವಣಿಗೆ ಇಲ್ಲದ ಖಾಲಿ ಛಾಪಾ ಕಾಗದಕ್ಕಂತೂ ಯಾರು ಕೇಳಿದರೂ ಸಹಿ ಹಾಕಬೇಡಿ.

ಮದುವೆಯಾದ ಹೆಣ್ಣುಮಕ್ಕಳಿಗೆ ಪಾಲಿಲ್ಲ ಎಂದು ಯಾರಾದರೂ ಹೇಳಿದ್ದರೆ ಅದು ಈಗ ಸರಿಯಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಗಂಡುಮಕ್ಕಳಿಗೆ ಸಮನಾದ ಹಕ್ಕು ಕೊಟ್ಟಿತು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿತು, ಬದುಕಿರಬೇಕಿಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಕ್ರಮಬದ್ಧವಾಗಿ ಆಗಿಹೋದ ವಿಭಾಗಗಳನ್ನು ಮಾತ್ರ ಅದು ಅಲುಗಾಡಿಸುವುದಿಲ್ಲ.

ಅಣ್ಣಂದಿರಿಗೆ ಮಾತಿನಲ್ಲಿ ಕೇಳುವುದು ಕಷ್ಟವಾದರೆ ಬರೆದು ಕಳುಹಿಸಿ: ‘ಅಣ್ಣ, ಸಹಿ ಹಾಕಲು ನನಗೆ ತಕರಾರಿಲ್ಲ. ಕಾಗದದ ಪ್ರತಿಯನ್ನು ಮೊದಲು ಕಳುಹಿಸಿ, ಓದಿಕೊಂಡು ಬರುತ್ತೇನೆ. ಅಪ್ಪನ ಹೆಸರಿನಲ್ಲಿ ಏನೇನಿತ್ತು ಎಂಬ ಪಟ್ಟಿಯನ್ನೂ ಕೊಡಿ. ಅಪ್ಪನ ವಿಷಯ ನನಗೂ ಗೊತ್ತಿರಲಿ ಎಂಬ ಆಸೆ.’ ಇಷ್ಟು ಕೇಳಿದ್ದಕ್ಕೆ ಮುನಿಸಿಕೊಳ್ಳುವ ಅಣ್ಣ, ಕೇಳದೆ ಸಹಿ ಹಾಕಿದ್ದರೂ ಮುಂದೊಂದು ದಿನ ಮುನಿಸಿಕೊಳ್ಳುತ್ತಿದ್ದರು ಎಂದೇ ನನಗೆ ಅನಿಸುತ್ತದೆ. ನಿಮ್ಮಷ್ಟಕ್ಕೆ ನೀವು ಮಾಡಬಹುದಾದದ್ದೂ ಇದೆ. ಭೂಮಿ ತಂತ್ರಾಂಶದ ಜಾಲತಾಣದಲ್ಲಿ ಸರ್ವೆ ನಂಬರು ಹಾಕಿ ಪಹಣಿಯನ್ನೂ ಮ್ಯುಟೇಶನ್ನಿನ ಸ್ಥಿತಿಯನ್ನೂ ನೋಡಬಹುದು, ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣ ಪತ್ರ ಪಡೆದರೆ ಮಾರಾಟವೋ ಅಡಮಾನವೋ ನೋಂದಣಿಯಾಗಿದ್ದರೆ ಗೊತ್ತಾಗುತ್ತದೆ. ಮ್ಯುಟೇಶನ್ ನೋಟಿಸು ಹೊರಟ ಮೇಲೆ ಅದರಲ್ಲಿ ಹೇಳಿರುವ ಅವಧಿಯೊಳಗೆ ತಹಶೀಲ್ದಾರರ ಕಚೇರಿಯಲ್ಲಿ ತಕರಾರು ಅರ್ಜಿ ಕೊಡಬಹುದು. ಪಹಣಿಯ ನಮೂದು ಕಂದಾಯದ ದಾಖಲೆಯಷ್ಟೇ, ಅದರಿಂದಲೇ ಮಾಲೀಕತ್ವ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟು ಹಲವು ಸಲ ಹೇಳಿದೆ, ಆದರೂ ಮೊದಲೇ ಎಚ್ಚರವಾಗಿರುವುದು ಲೇಸು.

ಎಲ್ಲವನ್ನೂ ತಿಳಿದ ಮೇಲೂ ಪಾಲನ್ನು ಅಣ್ಣಂದಿರಿಗೆ ಬಿಟ್ಟುಕೊಡಬೇಕೆನಿಸಿದರೆ ಬಿಟ್ಟುಕೊಡಿ, ಅದು ನಿಮ್ಮ ಇಷ್ಟ ಮತ್ತು ಅದಕ್ಕೆ ತನ್ನದೇ ಆದ ಗೌರವವಿದೆ. ಬಿಟ್ಟುಕೊಟ್ಟದ್ದು ಎಷ್ಟು ಎಂದು ನಿಮಗೂ ಪಡೆದದ್ದು ಎಷ್ಟು ಎಂದು ಅವರಿಗೂ ಗೊತ್ತಿದ್ದರೆ ಮಾತ್ರ ಆ ಗೌರವ ಉಳಿಯುತ್ತದೆ. ಈಗಾಗಲೇ ಏನಾದರೂ ಸಹಿ ಹಾಕಿದ್ದರೆ, ಮೋಸವೆಂದು ತಿಳಿದ ದಿನದಿಂದ ಮೂರು ವರ್ಷಗಳೊಳಗೆ ಆ ಪತ್ರದ ರದ್ದತಿಗೆ ದಾವೆ ಹೂಡಬೇಕಾಗುತ್ತದೆ, ಹಾಗಾಗಿ ತಡಮಾಡದೆ ವಕೀಲರನ್ನು ಕಾಣಿ. ತಾಲ್ಲೂಕಿನ ಕಾನೂನು ಸೇವೆಗಳ ಸಮಿತಿಯಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ಪ್ರಶ್ನೆ: ನನ್ನ ಪತಿ ಆರು ವರ್ಷಗಳ ಹಿಂದೆ ಅಪಘಾತದಲ್ಲಿ ತೀರಿಕೊಂಡರು. ಒಬ್ಬಳು ಮಗಳಿದ್ದಾಳೆ, ಒಂಬತ್ತನೇ ತರಗತಿ. ಈ ವರ್ಷ ಮಾವನವರು ಉಯಿಲು ಬರೆಯದೆ ಹೋದರು. ಮೈದುನಂದಿರು ಮಾಡಿಸಿದ ವಂಶವೃಕ್ಷದಲ್ಲಿ ನನ್ನ ಪತಿಯ ಹೆಸರಿನ ಮುಂದೆ ‘ಮೃತ’ ಎಂದು ಬರೆದು ಬಿಟ್ಟಿದ್ದಾರೆ, ನಮ್ಮಿಬ್ಬರ ಹೆಸರೇ ಇಲ್ಲ. ಮನೆಯ ಮಾತುಕತೆಗಳಿಗೂ ನನ್ನನ್ನು ಕರೆಯುತ್ತಿಲ್ಲ.
— ಶಿವಮೊಗ್ಗ

ಉತ್ತರ: ನೀವೂ ನಿಮ್ಮ ಮಗಳೂ ಮಾವನವರ ಮೊದಲ ದರ್ಜೆಯ ವಾರಸುದಾರರು. ಮೊದಲೇ ತೀರಿಕೊಂಡ ಮಗನ ವಿಧವೆ ಮತ್ತು ಮಕ್ಕಳು, ಆ ಮಗ ಬದುಕಿದ್ದರೆ ಮಾವನವರ ಸ್ವಯಾರ್ಜಿತದಲ್ಲಿ ಸಿಗುತ್ತಿದ್ದ ಒಂದು ಪಾಲನ್ನು ತಮ್ಮೊಳಗೆ ಹಂಚಿಕೊಳ್ಳುತ್ತಾರೆ. ನಿಮ್ಮ ಹೆಸರಿಲ್ಲದ ವಂಶವೃಕ್ಷ ಅಪೂರ್ಣ ದಾಖಲೆ. ಅಜ್ಞಾನದಿಂದ ಆಗಿರಲೂಬಹುದು, ‘ಮೃತ’ ಎಂದು ಬರೆದರೆ ಆ ಕವಲು ಮುಗಿಯಿತು ಎಂದೇ ಅನೇಕರು ತಿಳಿದಿರುತ್ತಾರೆ. ಆದ್ದರಿಂದ ಮೊದಲು ಮೈದುನಂದಿರಿಗೂ ಅತ್ತೆಯವರಿಗೂ ಬರಹದಲ್ಲಿ ತಿಳಿಸಿ, ಸರಿಪಡಿಸಲು ಒಂದು ವಾರ ಕೊಡಿ. ಅದೇ ವಾರ ಮದುವೆಯ ದಾಖಲೆ, ಪತಿಯ ಮರಣ ಪ್ರಮಾಣ ಪತ್ರ, ಮಗಳ ಜನನ ಪ್ರಮಾಣ ಪತ್ರ ಸಿದ್ಧಮಾಡಿಕೊಳ್ಳಿ. ಅವರು ಸರಿಪಡಿಸದಿದ್ದರೆ ತಹಶೀಲ್ದಾರರಿಗೆ ತಿದ್ದುಪಡಿಯ ಅರ್ಜಿ ಮತ್ತು ಪೌತಿ ಖಾತೆಗೆ ತಕರಾರು ಅರ್ಜಿ ಎರಡನ್ನೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಮಗಳಿಗೆ ಹದಿನೆಂಟು ತುಂಬುವವರೆಗೆ ಅವಳ ಪರವಾಗಿ ನೀವು ತಿಳಿಯಬೇಕು, ನೀವು ಕೇಳಬೇಕು. ಅವಳ ಹೆಸರಿಗೆ ಬಂದ ಸ್ಥಿರಾಸ್ತಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಸಹಜ ಪೋಷಕರೂ ಮಾರುವಂತಿಲ್ಲ. ಹಾಗೆ ಮಾರಿದರೆ ವಯಸ್ಕಳಾದ ಮೇಲೆ ಅವಳು ಅದನ್ನು ಪ್ರಶ್ನಿಸಬಹುದು. ಈ ಮಾತನ್ನು ಮೈದುನಂದಿರಿಗೆ ಹೇಳುವುದರಲ್ಲಿ ಬೆದರಿಕೆ ಏನಿಲ್ಲ, ಮುಂದೆ ಅವರಿಗೇ ಬರಬಹುದಾದ ತೊಂದರೆಯ ಬಗ್ಗೆ ಮುನ್ಸೂಚನೆ ಅದು. ಅತ್ತೆಯವರ ಹತ್ತಿರ ನೀವೇ ಹೋಗಿ ಕುಳಿತು ಮಾತಾಡಿ. ಮೊಮ್ಮಗಳನ್ನು ಬಿಟ್ಟುಬಿಡಬೇಕೆಂದು ಅವರಿಗೆ ಇರಲಾರದು. ಅವರಿಗೂ ಏನು ನಡೆಯುತ್ತಿದೆ ಎಂದು ಯಾರೂ ಹೇಳಿರದಿರುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಕ್ಕಳಿಲ್ಲದ ನಮ್ಮ ಚಿಕ್ಕಮ್ಮ ತೀರಿಕೊಂಡಿದ್ದಾರೆ. ನೋಂದಾಯಿತ ಉಯಿಲಿನಲ್ಲಿ ನನ್ನನ್ನೇ ನಿರ್ವಾಹಕಿಯಾಗಿ ನೇಮಿಸಿದ್ದಾರೆ. ತಮ್ಮನ್ನು ಕೊನೆಯವರೆಗೆ ನೋಡಿಕೊಂಡ ಒಬ್ಬ ಅಕ್ಕನ ಮಗಳಿಗೆ ಮನೆಯನ್ನು, ಬೇರೆ ಮೂವರಿಗೆ ಠೇವಣಿಯನ್ನು ಬರೆದಿದ್ದಾರೆ. ಇಬ್ಬರು ಅಣ್ಣನ ಮಕ್ಕಳಿಗೆ ಏನೂ ಇಲ್ಲ. ಠೇವಣಿಗೆ ನಾಮಿನಿಯಾಗಿರುವುದು ಆ ಇಬ್ಬರಲ್ಲಿ ಒಬ್ಬ. ಉಯಿಲನ್ನು ಅವರಿಗೂ ತೋರಿಸಬೇಕೇ? ದಿನಕ್ಕೊಂದು ಫೋನು ಬರುತ್ತಿದೆ.
— ಮೈಸೂರು

ಉತ್ತರ: ತೋರಿಸಿ, ಮತ್ತು ಎಲ್ಲರಿಗೂ ಒಂದೇ ದಿನ ತೋರಿಸಿ. ಉಯಿಲು ನೋಂದಣಿಯಾಗಿರುವುದರಿಂದ, ಬರೆದವರು ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗೇ ಆದರೂ ಉಪನೋಂದಣಾಧಿಕಾರಿಯ ಕಚೇರಿಯಿಂದ ಅದರ ಪ್ರತಿ ಸಿಗುತ್ತದೆ. ನಾಳೆ ಹೇಗಿದ್ದರೂ ಕೈಗೆ ಸಿಗುವ ಕಾಗದವನ್ನು ಇಂದು ನೀವೇ ಕೊಟ್ಟರೆ ನಿಮ್ಮ ಮೇಲೆ ವಿಶ್ವಾಸ ಹುಟ್ಟುತ್ತದೆ, ಅವರೇ ಹುಡುಕಿ ತೆಗೆದರೆ ಆ ಅವಕಾಶ ಹೋಗುತ್ತದೆ. ಏನೂ ಸಿಗದ ಇಬ್ಬರಿಗೆ ಪ್ರತಿ ಕಳುಹಿಸುವ ಮೊದಲು ಫೋನಿನಲ್ಲಿ ನೀವೇ ಹೇಳಿ. ಚಿಕ್ಕಮ್ಮ ಹೀಗೇಕೆ ಬರೆದರು ಎಂದು ಅವರು ಕೇಳುತ್ತಾರೆ. ಉಯಿಲಿನಲ್ಲಿ ಕಾರಣ ಬರೆದಿದ್ದರೆ ಅದನ್ನು ಓದಿ, ಇಲ್ಲದಿದ್ದರೆ ನೀವಾಗಿ ಕಾರಣ ಕಟ್ಟಬೇಡಿ. ಅವರ ಪರವಾಗಿಯೂ ವಿರುದ್ಧವಾಗಿಯೂ ಮಾತಾಡದಿರುವುದು ನಿಮ್ಮ ಹೊಣೆಯ ಕಷ್ಟದ ಭಾಗ.

ನಾಮಿನಿಯಾಗಿರುವವರಿಗೆ ವಿಶೇಷವಾಗಿ ವಿವರಿಸಬೇಕು. ಬ್ಯಾಂಕು ಹಣವನ್ನು ನಾಮಿನಿಯ ಕೈಗೆ ಕೊಡುತ್ತದೆ, ಆದರೆ ಆತ ಅದನ್ನು ನಿಜವಾದ ಹಕ್ಕುದಾರರಿಗಾಗಿ ಪಡೆದುಕೊಳ್ಳುತ್ತಾನೆಯೇ ಹೊರತು ಅದರ ಒಡೆಯನಾಗುವುದಿಲ್ಲ. ವಿಮೆಯ ಹಣದ ವಿಷಯದಲ್ಲಿ ಈ ತತ್ತ್ವವನ್ನು ಸುಪ್ರೀಂ ಕೋರ್ಟು 1983ರಲ್ಲೇ ಸರ್ಬತಿ ದೇವಿ ಪ್ರಕರಣದಲ್ಲಿ ಹೇಳಿತ್ತು, ಷೇರುಗಳಿಗೂ ಅದು ಅನ್ವಯಿಸುತ್ತದೆ ಎಂದು 2023ರ ಡಿಸೆಂಬರಿನಲ್ಲಿ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯಿಂದ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದೇ ಆಗುತ್ತದೆ. ಆ ಹುಡುಗನಿಗೆ ಇದನ್ನು ಹಣ ಅವನ ಖಾತೆಗೆ ಬರುವ ಮೊದಲೇ, ಬರಹದಲ್ಲಿ ತಿಳಿಸಿ. ಬಂದ ಮೇಲೆ ತಿಳಿಸಿದರೆ ಅವನಿಂದ ಕಿತ್ತುಕೊಂಡ ಹಾಗಾಗುತ್ತದೆ.

ಕರ್ನಾಟಕದಲ್ಲಿ ಇಂಥ ಉಯಿಲಿಗೆ ಪ್ರೊಬೇಟ್ (ಉಯಿಲು ನಿಜವೆಂದು ನ್ಯಾಯಾಲಯ ಕೊಡುವ ದೃಢೀಕರಣ) ಕಡ್ಡಾಯವಲ್ಲ. ಪ್ರೊಬೇಟ್ ಪಡೆದ ನಿರ್ವಾಹಕರು ಆರು ತಿಂಗಳೊಳಗೆ ಆಸ್ತಿಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕವನ್ನೂ ನ್ಯಾಯಾಲಯಕ್ಕೆ ಒಪ್ಪಿಸಬೇಕೆಂದು ಭಾರತೀಯ ಉತ್ತರಾಧಿಕಾರ ಅಧಿನಿಯಮದ 317ನೇ ಕಲಮು ಹೇಳುತ್ತದೆ. ನೀವು ಪ್ರೊಬೇಟ್ ಪಡೆಯದಿದ್ದರೂ ಅದೇ ಅವಧಿಯನ್ನು ನಿಮಗೆ ನೀವೇ ಹಾಕಿಕೊಂಡು, ಪಾಲು ಬರುವ ನಾಲ್ವರಿಗೂ ಪಟ್ಟಿ ಮತ್ತು ಲೆಕ್ಕ ಒಪ್ಪಿಸಿ. ಮರಣದ ದಿನದಿಂದ ಒಂದು ವರ್ಷ ಕಳೆಯುವ ಮೊದಲು ಹಂಚಿಕೊಡಲೇಬೇಕೆಂಬ ಒತ್ತಾಯ ಕಾನೂನಿನಲ್ಲಿಲ್ಲ. ಚಿಕ್ಕಮ್ಮನ ಸಾಲ, ಆಸ್ಪತ್ರೆಯ ಬಾಕಿ, ಅವರ ಪರವಾಗಿ ಸಲ್ಲಿಸಬೇಕಾದ ಆದಾಯ ತೆರಿಗೆಯ ವಿವರ ಇವು ಮೊದಲು ಮುಗಿಯಬೇಕು. ಇದನ್ನು ಮೊದಲ ಪತ್ರದಲ್ಲೇ ಬರೆದುಬಿಡಿ. ದಿನದ ಫೋನುಗಳಿಗೆ, ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಬರಹ ಕಳುಹಿಸುತ್ತೇನೆ, ಅದಕ್ಕಿಂತ ಮೊದಲು ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವುದಿಲ್ಲ ಎಂದು ಮೃದುವಾಗಿ ಹೇಳಿ, ಆ ಭಾನುವಾರವನ್ನು ತಪ್ಪಿಸಬೇಡಿ. ಹಂಚಿಕೆಯ ದಿನ ಪ್ರತಿಯೊಬ್ಬರಿಂದ ರಸೀದಿ ಪಡೆದು, ಮನೆಯ ಮೂಲಪತ್ರಗಳನ್ನು ಅಕ್ಕನ ಮಗಳಿಗೆ ಪಟ್ಟಿಯ ಸಮೇತ ಒಪ್ಪಿಸಿ, ಎಲ್ಲದರ ಒಂದು ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ.